ಆಕ್ಟಿವೇಶನ್ ಕೇಳುವ ಕಂಪ್ಯೂಟರ್: ಫಾರ್ಮ್ಯಾಟ್‌ಗೆ ಮೊದಲು ನೋಡಬೇಕಾದ್ದು

ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಅಕ್ಷರ ಕಂಡರೆ ನಮ್ಮ ಬಹಳಷ್ಟು ಕಚೇರಿಗಳಲ್ಲಿ ನಡೆಯುವುದು ಇಷ್ಟು. ಯಾರೋ ಪರಿಚಯದ ಹುಡುಗನಿಗೆ ಫೋನ್ ಹೋಗುತ್ತದೆ. ಅವನು ಪೆನ್‌ಡ್ರೈವ್ ಹಿಡಿದುಕೊಂಡು ಬರುತ್ತಾನೆ. ಮಧ್ಯಾಹ್ನದೊಳಗೆ ಕಂಪ್ಯೂಟರ್ ಫಾರ್ಮ್ಯಾಟ್ ಆಗಿರುತ್ತದೆ. ಅಕ್ಷರ ಹೋಗಿರುತ್ತದೆ. ಅದರ ಜೊತೆಗೆ ನುಡಿ ತಂತ್ರಾಂಶವೂ ಹೋಗಿರುತ್ತದೆ. ಹಳೆಯ ಪತ್ರ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು. ಡಿಜಿಟಲ್ ಸಹಿಯ ಟೋಕನ್ ಹಾಕಿದರೆ ಕಂಪ್ಯೂಟರ್ ಗುರುತು ಹಿಡಿಯುವುದಿಲ್ಲ, ಏಕೆಂದರೆ ಡ್ರೈವರ್ ಇಲ್ಲ. ಟ್ಯಾಲಿ ಮತ್ತೆ ಲೈಸೆನ್ಸ್ ಕೇಳುತ್ತದೆ. ಪ್ರಿಂಟರ್ ಸೇರಿಸುವಷ್ಟರಲ್ಲಿ ದಿನ ಮುಗಿದಿರುತ್ತದೆ.

ಇಷ್ಟೆಲ್ಲ ಆಗಬೇಕಿರಲಿಲ್ಲ. ಅದನ್ನು ಹೇಳುವುದಕ್ಕೇ ನಾನು ಬಂದಿರುವುದು. ಆಕ್ಟಿವೇಶನ್ ಅಂದರೆ ಈ ವಿಂಡೋಸ್‌ಗೆ ಲೈಸೆನ್ಸ್ ಇದೆ ಎಂದು ಖಚಿತಪಡಿಸಿಕೊಳ್ಳುವುದು. ಆ ಕಂಪ್ಯೂಟರ್‌ಗೆ ಲೈಸೆನ್ಸ್ ಯಾವ ದಾರಿಯಲ್ಲಿ ಬಂತು ಎಂದು ಮೊದಲು ತಿಳಿದುಕೊಳ್ಳಿ. ಅದು ತಿಳಿಯುವವರೆಗೆ ಹೊಸ ಕೀ ಹಾಕಬೇಡಿ, ಏನನ್ನೂ ಅಳಿಸಬೇಡಿ.

ಗಾಬರಿಯೂ ಬೇಡ. ವಿಂಡೋಸ್ 10 ಮತ್ತು 11ರಲ್ಲಿ ಆಕ್ಟಿವೇಶನ್ ಹೋದರೂ ಕಂಪ್ಯೂಟರ್ ನಡೆಯುತ್ತಲೇ ಇರುತ್ತದೆ. ಫೈಲ್‌ಗಳು ಎಲ್ಲಿಗೂ ಹೋಗುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ವಾಲ್‌ಪೇಪರ್, ಬಣ್ಣ ಬದಲಿಸಲು ಬಿಡುವುದಿಲ್ಲ, ಆ ಅಕ್ಷರ ಕಣ್ಣಿಗೆ ಅಡ್ಡ ಬರುತ್ತಿರುತ್ತದೆ. ಲೈಸೆನ್ಸ್ ಇಲ್ಲದೆ ಹಾಗೇ ಬಳಸಿ ಅಂತ ನಾನು ಹೇಳುತ್ತಿಲ್ಲ. ಕಾರಣ ಹುಡುಕಲು ನಿಮಗೆ ಸಮಯ ಇದೆ, ಅವಸರಕ್ಕೆ ಬೀಳಬೇಡಿ ಅಂತ ಹೇಳುತ್ತಿದ್ದೇನೆ.

ಲೈಸೆನ್ಸ್ ಬರುವ ದಾರಿಗಳು ಮುಖ್ಯವಾಗಿ ನಾಲ್ಕು. ಒಂದು, ಕಂಪ್ಯೂಟರ್ ಜೊತೆಗೇ ಬಂದದ್ದು. ಇದನ್ನು ಒಇಎಂ ಎನ್ನುತ್ತಾರೆ. ವಿಂಡೋಸ್ 7ರ ಕಾಲದಲ್ಲಿ ಕ್ಯಾಬಿನೆಟ್ ಮೇಲೆ ಕೀ ಇರುವ ಸ್ಟಿಕ್ಕರ್ ಇರುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ದೊಡ್ಡ ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಆ ಕೀ ಮದರ್‌ಬೋರ್ಡ್‌ನ ಒಳಗೇ ಸೇರಿತು. ಎರಡು, ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಬೇರೆಯಾಗಿ ಕೊಂಡ ರೀಟೇಲ್ ಕೀ. ಮೂರು, ಸಂಸ್ಥೆ ಒಟ್ಟಾಗಿ ಕೊಂಡ ವಾಲ್ಯೂಮ್ ಲೈಸೆನ್ಸ್. ನಾಲ್ಕು, ಉದ್ಯೋಗಿಯ ಖಾತೆಯ ಜೊತೆ ಬರುವ ಚಂದಾ. ಅಲ್ಲಿ ಆ ಖಾತೆಯಿಂದ ಲಾಗಿನ್ ಆದಾಗ ಎಂಟರ್‌ಪ್ರೈಸ್ ಆವೃತ್ತಿ ತೆರೆದುಕೊಳ್ಳುತ್ತದೆ.

ನಿಮ್ಮ ಮುಂದಿರುವ ಕಂಪ್ಯೂಟರ್ ಯಾವ ದಾರಿಯದು? ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಸುಮ್ನೆ ತೆರೆದರೆ ಸಾಲದು, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಮುಂದಿನ ಕೆಲವು ಕಮಾಂಡ್‌ಗಳು ಅಡ್ಮಿನ್ ಅಲ್ಲದವರಿಗೆ ನಡೆಯುವುದಿಲ್ಲ. ಆಗ ಬರುವ ತಪ್ಪು ಸಂದೇಶವನ್ನೇ ಲೈಸೆನ್ಸ್ ದೋಷ ಎಂದು ಓದಿಕೊಂಡವರನ್ನು ನೋಡಿದ್ದೇನೆ. ಅಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಡಿಎಲ್‌ವಿ ಎಂದು ಕೊಡಿ (slmgr /dlv). ಸ್ವಲ್ಪ ಹೊತ್ತಿಗೆ ಒಂದು ಉದ್ದನೆಯ ಕಿಟಕಿ ಬರುತ್ತದೆ. ಅದರಲ್ಲಿ ‘ಪ್ರಾಡಕ್ಟ್ ಕೀ ಚಾನೆಲ್’ ಎಂಬ ಸಾಲು ನೋಡಿ. ಒಇಎಂ, ರೀಟೇಲ್, ವಾಲ್ಯೂಮ್ ಎಂಎಕೆ, ವಾಲ್ಯೂಮ್ ಜಿವಿಎಲ್‌ಕೆ, ಇವುಗಳಲ್ಲಿ ಒಂದು ಅಲ್ಲಿ ಬರೆದಿರುತ್ತದೆ. ಜಿವಿಎಲ್‌ಕೆ ಅಂದರೆ ಕೆಎಂಎಸ್ ಕ್ಲೈಂಟ್. ಎಂಎಕೆ, ಕೆಎಂಎಸ್ ಏನು ಎಂದು ಮುಂದೆ ಹೇಳುತ್ತೇನೆ. ಆ ಒಂದು ಸಾಲಿನಲ್ಲಿ ನಿಮ್ಮ ಅರ್ಧ ಕೆಲಸ ಮುಗಿಯಿತು. ಮುಂದೆ ನಾನು ಬರೀ ಎಟಿಒ, ಆರ್‌ಇಎಆರ್‌ಎಂ ಅಂದರೂ ಇದೇ ರೀತಿ ಓರೆಗೆರೆ ಹಾಕಿ ಕೊಡುವ ಕಮಾಂಡ್ ಎಂದು ತಿಳಿಯಿರಿ.

ಮೊದಲಿನ ಎರಡು ದಾರಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಇಎಂ ಕಂಪ್ಯೂಟರ್ ಆಕ್ಟಿವೇಶನ್ ಕಳೆದುಕೊಂಡಿದ್ದರೆ ಎರಡೇ ಅನುಮಾನ ಜಾಸ್ತಿ. ಮದರ್‌ಬೋರ್ಡ್ ಬದಲಾಗಿರಬೇಕು, ಇಲ್ಲವೇ ಆವೃತ್ತಿ ಬದಲಾಗಿರಬೇಕು. ವಿಂಡೋಸ್ ಹೋಮ್ ಜೊತೆ ಬಂದ ಲ್ಯಾಪ್‌ಟಾಪ್‌ಗೆ ಯಾರೋ ಪ್ರೊ ಹಾಕಿರುತ್ತಾರೆ. ಮದರ್‌ಬೋರ್ಡ್‌ನಲ್ಲಿರುವ ಕೀ ಹೋಮ್‌ನದು, ಕೂತಿರುವುದು ಪ್ರೊ. ಎಷ್ಟು ಸಲ ಪ್ರಯತ್ನಿಸಿದರೂ ಅದು ಒಪ್ಪುವುದಿಲ್ಲ. ಬೋರ್ಡ್ ಬದಲಾಗಿದ್ದರೆ ಎಫ್211ರಿಂದ ಕೊನೆಯಾಗುವ ಕೋಡ್ ಬರಬಹುದು, ಯಂತ್ರಾಂಶ ಬದಲಾಗಿದೆ ಎಂದು ಅದರ ಅರ್ಥ. ಮುಂದೆಯೂ ಕೋಡ್‌ಗಳ ಕೊನೆಯ ನಾಲ್ಕು ಅಕ್ಷರಗಳನ್ನಷ್ಟೇ ಹೇಳುತ್ತೇನೆ. ವಾರಂಟಿಯಲ್ಲಿ ಬೋರ್ಡ್ ಬದಲಿಸಿಕೊಟ್ಟಿದ್ದರೆ ತಯಾರಕರ ಸರ್ವಿಸ್ ಕೇಂದ್ರವನ್ನೇ ಕೇಳಿ. ಹೊಸ ಬೋರ್ಡ್‌ಗೆ ಲೈಸೆನ್ಸ್ ಸೇರಿಸಿಕೊಡಬೇಕಾದವರು ಅವರು. ನೀವು ಇನ್ನೊಂದು ಕೀ ಕೊಳ್ಳಬೇಕಾಗಿಲ್ಲ. ರೀಟೇಲ್ ಕೀ ಆಗಿದ್ದರೆ ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟರ್ ಇದೆ. ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಲೈಸೆನ್ಸ್ ಜೋಡಿಸಿಟ್ಟಿದ್ದರೆ ‘ಇತ್ತೀಚೆಗೆ ಯಂತ್ರಾಂಶ ಬದಲಿಸಿದ್ದೇನೆ’ ಎಂದು ಆರಿಸಿ ಮರಳಿ ಪಡೆಯಬಹುದು.

ಈಗ ವಾಲ್ಯೂಮ್ ಲೈಸೆನ್ಸ್. ಕಚೇರಿಗಳ ನಿಜವಾದ ತಲೆನೋವು ಇರುವುದು ಇಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಆಕ್ಟಿವೇಶನ್ ಎಂಬುದು ವಿಂಡೋಸ್‌ಗೆ ಬಂದದ್ದು 2001ರಲ್ಲಿ, ಎಕ್ಸ್‌ಪಿ ಜೊತೆ. ಆಗ ದೊಡ್ಡ ಸಂಸ್ಥೆಗಳಿಗೆ ಕೊಡುತ್ತಿದ್ದ ಕೀಗಳಿಗೆ ಆಕ್ಟಿವೇಶನ್ ಬೇಕಿರಲಿಲ್ಲ. ಅಂಥ ಒಂದು ಕೀ ಸೋರಿತು, ಪ್ರಪಂಚವೆಲ್ಲ ಹರಡಿತು. ಸಿಡಿ ಮೇಲೆ ಮಾರ್ಕರ್‌ನಲ್ಲಿ ಬರೆದುಕೊಂಡ ಆ ಕೀ ಇಲ್ಲಿ ಕೂತಿರುವ ಹಿರಿಯರಿಗೆ ಇನ್ನೂ ನೆನಪಿರಬಹುದು. ಅದಾದ ಮೇಲೆ ವಿಸ್ಟಾ ಬಂದಾಗ ಸಂಸ್ಥೆಗಳ ಕಂಪ್ಯೂಟರ್‌ಗಳಿಗೂ ಆಕ್ಟಿವೇಶನ್ ಕಡ್ಡಾಯವಾಯಿತು. ಆಗ ಹುಟ್ಟಿದ ಎರಡು ವಿಧಾನಗಳೇ ಎಂಎಕೆ ಮತ್ತು ಕೆಎಂಎಸ್.

ಎಂಎಕೆ ಸರಳ. ಒಂದೇ ಕೀ, ಇಷ್ಟು ಸಲ ಬಳಸಬಹುದು ಎಂಬ ಎಣಿಕೆ. ಪ್ರತಿ ಕಂಪ್ಯೂಟರ್ ನೇರವಾಗಿ ಮೈಕ್ರೋಸಾಫ್ಟ್ ಸರ್ವರ್ ಸಂಪರ್ಕಿಸಿ ಒಂದು ಸಲ ಆಕ್ಟಿವೇಟ್ ಆದರೆ ಮುಗಿಯಿತು. ಆದರೆ ಅದೇ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ಮತ್ತೆ ಆಕ್ಟಿವೇಟ್ ಮಾಡಿದರೆ ಎಣಿಕೆಯಲ್ಲಿ ಇನ್ನೊಂದು ಖರ್ಚಾಗಬಹುದು. ವರ್ಷಕ್ಕೆರಡು ಸಲ ಲ್ಯಾಬ್ ಪೂರ್ತಿ ಫಾರ್ಮ್ಯಾಟ್ ಮಾಡುವ ಕಾಲೇಜುಗಳಲ್ಲಿ ಇದೇ ಆಗುವುದು. ಒಂದು ದಿನ ಸಿ020 ಎಂಬ ಕೋಡ್ ಬರುತ್ತದೆ, ಕೀಯ ಮಿತಿ ಮುಗಿಯಿತು ಎಂದು. ಆಗ ಯಾರೂ ನಿಮ್ಮನ್ನು ಕಳ್ಳರು ಎನ್ನುತ್ತಿಲ್ಲ. ಲೈಸೆನ್ಸ್ ಒಪ್ಪಂದದ ಸಂಖ್ಯೆ ಕೊಟ್ಟು ಮೈಕ್ರೋಸಾಫ್ಟ್‌ನ ವಾಲ್ಯೂಮ್ ಲೈಸೆನ್ಸ್ ವಿಭಾಗಕ್ಕೆ ಕೇಳಿಕೊಂಡರೆ ಮಿತಿ ಹೆಚ್ಚಿಸಿಕೊಡುತ್ತಾರೆ.

ಕೆಎಂಎಸ್ ಬೇರೆಯದೇ ರೀತಿ. ಇಲ್ಲಿ ಕಚೇರಿಯ ಒಳಗೇ ಒಂದು ಸರ್ವರ್ ಇರುತ್ತದೆ. ಕಂಪ್ಯೂಟರ್‌ಗಳು ಇಂಟರ್‌ನೆಟ್‌ಗೆ ಹೋಗುವುದಿಲ್ಲ, ಈ ಸರ್ವರ್ ಹತ್ತಿರ ಹೋಗಿ ಆಕ್ಟಿವೇಟ್ ಆಗುತ್ತವೆ. ಇದು ಬಸ್ ಪಾಸ್ ಇದ್ದ ಹಾಗೆ, ಶಾಶ್ವತ ಅಲ್ಲ. 180 ದಿನದ ಅವಧಿ. ಕಂಪ್ಯೂಟರ್ 7 ದಿನಕ್ಕೊಮ್ಮೆ ತಾನಾಗಿ ನವೀಕರಿಸಿಕೊಳ್ಳಲು ನೋಡುತ್ತದೆ. ನವೀಕರಣವಾದರೆ ಮತ್ತೆ 180 ದಿನ. ಎಲ್ಲ ಸರಿ ಇದ್ದರೆ ಇದು ನಡೆಯುತ್ತಿರುವುದೇ ಯಾರಿಗೂ ಗೊತ್ತಾಗುವುದಿಲ್ಲ.

ಗೊತ್ತಾದದ್ದು 2020ರಲ್ಲಿ. ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್. ಬೆಂಗಳೂರಿನ ಕಂಪನಿಗಳ ಲ್ಯಾಪ್‌ಟಾಪ್‌ಗಳು ಶಿರಸಿಗೆ, ಹಾಸನಕ್ಕೆ, ಬಾಗಲಕೋಟೆಗೆ ಊರು ಸೇರಿದವು. ಮಾರ್ಚ್ 24ಕ್ಕೆ ಕೊನೆಯ ಸಲ ನವೀಕರಣವಾದ ಲ್ಯಾಪ್‌ಟಾಪ್ ಲೆಕ್ಕ ಹಾಕಿ. 180 ದಿನ ಅಂದರೆ ಸೆಪ್ಟೆಂಬರ್ 20. ಆ ಹೊತ್ತಿಗೆ ಒಂದು ಸಲವೂ ಕಚೇರಿಯ ನೆಟ್‌ವರ್ಕ್‌ಗೆ ಸೇರದಿದ್ದರೆ ಆಕ್ಟಿವೇಶನ್ ಹೋಗಲೇಬೇಕು. ಮನೆಯಿಂದಲೇ ಕಚೇರಿ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಹಾಕಿಕೊಂಡು ಕೆಲಸ ಮಾಡಿದವರಿಗೂ ಕೆಲವು ಕಡೆ ಹೋಯಿತು. ಏಕೆಂದರೆ ಕೆಎಂಎಸ್ ಮಾತಾಡುವುದು 1688 ಎಂಬ ಪೋರ್ಟ್‌ನಲ್ಲಿ. ವಿಪಿಎನ್ ಆ ಪೋರ್ಟ್ ಬಿಡದಿದ್ದರೆ ಮೇಲ್ ಬರುತ್ತದೆ, ಫೈಲ್ ತೆರೆಯುತ್ತದೆ, ಆಕ್ಟಿವೇಶನ್ ಮಾತ್ರ ಆಗುವುದಿಲ್ಲ. ಪಾಪ, ಊರಿನಲ್ಲಿ ಕೂತ ಉದ್ಯೋಗಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ‘ನೀನೇನೋ ಮಾಡಿದ್ದೀಯ’ ಎಂದು ಅವರನ್ನು ದೂರುವುದು ಅನ್ಯಾಯ. ಪೋರ್ಟ್ ತೆಗೆದು, ವಿಪಿಎನ್ ಹಾಕಿಸಿ, ಈಗಲೇ ಆಕ್ಟಿವೇಟ್ ಆಗು ಎನ್ನುವ ಎಟಿಒ ಎಂಬ ಕಮಾಂಡ್ ಕೊಡಿಸಿದರೆ ಮುಗಿಯುವ ಕೆಲಸ ಅದು.

ಕೆಎಂಎಸ್ ಕಂಪ್ಯೂಟರ್ ಸರ್ವರ್ ಮುಟ್ಟದಿದ್ದಾಗ ಹೆಚ್ಚಾಗಿ ಕಾಣುವುದು ಎಫ್074 ಅಥವಾ 232ಬಿ. ಎರಡಕ್ಕೂ ವ್ಯತ್ಯಾಸ ಇದೆ, ಗಮನಿಸಿ. 232ಬಿ ಎಂದರೆ ಸರ್ವರ್ ಎಲ್ಲಿದೆ ಎಂಬ ವಿಳಾಸವೇ ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಲ್ಲಿ, ಸಿಗಲಿಲ್ಲ. ಎಫ್074 ಎಂದರೆ ಯಾವ ಕೆಎಂಎಸ್ ಸರ್ವರ್ ಜೊತೆಗೂ ಮಾತಾಡಲು ಆಗಲಿಲ್ಲ. ವಿಳಾಸ ಸಿಗದಿದ್ದಾಗ ನಾನು ಮೊದಲು ನೋಡುವುದು ಆ ಕಂಪ್ಯೂಟರ್‌ನ ಡಿಎನ್‌ಎಸ್ ಸೆಟ್ಟಿಂಗ್. ಇಂಟರ್‌ನೆಟ್ ನಿಧಾನ ಆಯಿತು ಅಂತ ಯಾರೋ ಅಲ್ಲಿ ಗೂಗಲ್‌ನ 8.8.8.8 ಬರೆದಿರುತ್ತಾರೆ. ನಿಮ್ಮ ಕಚೇರಿಯೊಳಗಿನ ಸರ್ವರ್ ವಿಳಾಸ ಗೂಗಲ್‌ಗೆ ಹೇಗೆ ಗೊತ್ತಿರುತ್ತದೆ, ಅಲ್ವಾ? ಕಚೇರಿಯ ಡಿಎನ್‌ಎಸ್ ಮರಳಿ ಹಾಕಿದರೆ ಆಯಿತು.

ಇನ್ನೊಂದು ಜಾಗ ಡಿಎಲ್‌ವಿ ಕಿಟಕಿಯಲ್ಲೇ ಇದೆ. ಕೆಎಂಎಸ್ ಸರ್ವರ್ ಹೆಸರನ್ನು ಕೈಯಿಂದ ಬರೆದಿಟ್ಟಿದ್ದರೆ ಅಲ್ಲಿ ಕಾಣುತ್ತದೆ. ಹಿಂದೆ ಯಾರೋ ಅವಸರಕ್ಕೆ ಎಸ್‌ಕೆಎಂಎಸ್ ಎಂಬ ಕಮಾಂಡ್‌ನಿಂದ ಹಳೆಯ ಸರ್ವರ್ ಹೆಸರು ಬರೆದಿರುತ್ತಾರೆ. ಅಂದಿಗೆ ಕೆಲಸ ಆಗಿರುತ್ತದೆ. ಆಮೇಲೆ ಆ ಸರ್ವರ್ ನಿವೃತ್ತಿಯಾಗುತ್ತದೆ, ಹೊಸದು ಬರುತ್ತದೆ, ಆದರೆ ಈ ಕಂಪ್ಯೂಟರ್ ಇಲ್ಲದ ಸರ್ವರನ್ನೇ ಕರೆಯುತ್ತಿರುತ್ತದೆ. ಸಿಕೆಎಂಎಸ್ ಕೊಟ್ಟರೆ ಆ ಹೆಸರು ಅಳಿಸಿ ತಾನೇ ಹುಡುಕಿಕೊಳ್ಳುತ್ತದೆ.

ಈಗ 25ರ ಲೆಕ್ಕ. ಕೆಎಂಎಸ್ ಸರ್ವರ್ ಮೊದಲ ದಿನವೇ ಯಾರಿಗೂ ಆಕ್ಟಿವೇಶನ್ ಕೊಡುವುದಿಲ್ಲ. ವಿಂಡೋಸ್ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳಾದರೆ ಕನಿಷ್ಠ 25 ಬೇರೆ ಬೇರೆ ಕಂಪ್ಯೂಟರ್‌ಗಳು ಬಂದು ಕೇಳಬೇಕು. ಸರ್ವರ್ ಆವೃತ್ತಿಗಳಾದರೆ 5 ಸಾಕು. ಅಷ್ಟಾಗುವವರೆಗೆ ಎಫ್038 ಬರುತ್ತದೆ, ಎಣಿಕೆ ಸಾಲದು ಎಂದು. 18 ಕಂಪ್ಯೂಟರ್ ಇರುವ ಕಚೇರಿಗೆ ಯಾರೋ ಕೆಎಂಎಸ್ ಹಾಕಿಕೊಟ್ಟಿದ್ದರೆ ಅದು ಎಂದಿಗೂ ಕೆಲಸ ಮಾಡುವುದಿಲ್ಲ. ಅಂಥವರಿಗೆ ಎಂಎಕೆಯೇ ಸರಿ. ಕಚೇರಿಯ ಕಂಪ್ಯೂಟರ್, ಖಾತೆಗಳನ್ನೆಲ್ಲ ಒಂದೇ ಕಡೆಯಿಂದ ನಿರ್ವಹಿಸುವ ಡೊಮೇನ್ ಇದ್ದರೆ ಅದರ ಆಕ್ಟಿವ್ ಡೈರೆಕ್ಟರಿಯ ಮೂಲಕವೂ ಆಕ್ಟಿವೇಟ್ ಮಾಡಬಹುದು. ಅದಕ್ಕೆ ಈ 25ರ ಹಂಗಿಲ್ಲ.

ಆದರೆ 40 ಕಂಪ್ಯೂಟರ್ ಇರುವ ಲ್ಯಾಬ್‌ನಲ್ಲೂ ಎಣಿಕೆ ಒಂದರಲ್ಲೇ ನಿಂತುಬಿಟ್ಟರೆ? ಇದು ನನಗೆ ತುಂಬ ಇಷ್ಟದ ಉದಾಹರಣೆ, ಏಕೆಂದರೆ ಇಲ್ಲಿ ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ. ನೆಟ್‌ವರ್ಕ್ ಸರಿ, ಡಿಎನ್‌ಎಸ್ ಸರಿ, ಕೀ ಸರಿ. ಆದರೂ ಎಫ್038. ಒಂದು ಕಾಲೇಜಿನಲ್ಲಿ ಹೀಗೇ ಆಗಿತ್ತು. ಲ್ಯಾಬ್ ಸಜ್ಜು ಮಾಡಿದವರು ಒಂದು ಕಂಪ್ಯೂಟರ್ ಪೂರ್ತಿ ತಯಾರು ಮಾಡಿ, ಅದರ ಇಮೇಜ್ (ಡಿಸ್ಕ್‌ನ ಪೂರ್ತಿ ನಕಲು) ತೆಗೆದು, ಉಳಿದೆಲ್ಲಕ್ಕೂ ಹಾಗೇ ಹೊಡೆದಿದ್ದರು. ಪ್ರತಿ ವಿಂಡೋಸ್‌ಗೂ ಕೆಎಂಎಸ್‌ಗೆಂದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಇಮೇಜ್ ಜೊತೆ ಅದೂ ನಕಲಾಗಿತ್ತು. ಲ್ಯಾಬ್‌ನ ಕಂಪ್ಯೂಟರ್‌ಗಳು ಒಂದೊಂದಾಗಿ ಬಂದು ಕೇಳಿದರೂ ಸರ್ವರ್ ಕಣ್ಣಿಗೆ ಅದೇ ಒಂದು ಕಂಪ್ಯೂಟರ್ ಮತ್ತೆ ಮತ್ತೆ ಬಂದ ಹಾಗೆ. ಪ್ರತಿಯೊಂದರಲ್ಲೂ ಆರ್‌ಇಎಆರ್‌ಎಂ ಕೊಟ್ಟು ರೀಸ್ಟಾರ್ಟ್ ಮಾಡಿದ ಮೇಲೆ ಹೊಸ ಸಂಖ್ಯೆ ಬಂತು, ಎಣಿಕೆ ಏರಿತು. ಇಮೇಜ್ ತೆಗೆಯುವ ಮುಂಚೆ ವಿಂಡೋಸ್‌ನದೇ ಸಿಸ್‌ಪ್ರೆಪ್ ಓಡಿಸಿ ಜನರಲೈಸ್ ಮಾಡಿದ್ದರೆ, ಅಂದರೆ ಆ ಕಂಪ್ಯೂಟರ್‌ನ ಗುರುತು ತೆಗೆದಿದ್ದರೆ, ಈ ಸುತ್ತಾಟವೇ ಇರುತ್ತಿರಲಿಲ್ಲ. ನಿಮ್ಮಲ್ಲಿ ಲ್ಯಾಬ್ ನೋಡಿಕೊಳ್ಳುವವರು ಇದನ್ನು ಬರೆದಿಟ್ಟುಕೊಳ್ಳಿ.

ಇನ್ನು ಗಡಿಯಾರ. ನಮ್ಮ ಕಚೇರಿಗಳಲ್ಲಿ ಸಂಜೆ ಹೋಗುವಾಗ ಮೇನ್ ಸ್ವಿಚ್ ಆರಿಸುವ ರೂಢಿ ಇದೆ. ಒಳ್ಳೆಯದೇ. ಆದರೆ ಆಗ ಕಂಪ್ಯೂಟರ್‌ನ ಸಮಯವನ್ನು ಹಿಡಿದಿಡುವುದು ಮದರ್‌ಬೋರ್ಡ್ ಮೇಲಿನ ಚಿಕ್ಕ ಬಟನ್ ಸೆಲ್, ಸಿಆರ್2032. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಅದು ಸತ್ತಿರುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಬ್ರೌಸರ್ ತೆರೆದರೆ ಯಾವ ವೆಬ್‌ಸೈಟೂ ಸುರಕ್ಷಿತ ಅಲ್ಲ ಎನ್ನುತ್ತದೆ. ಆಕ್ಟಿವೇಶನ್ ಕೂಡ ಒಪ್ಪುವುದಿಲ್ಲ. ಕೆಎಂಎಸ್ ಸರ್ವರ್‌ನ ಸಮಯಕ್ಕೂ ನಿಮ್ಮ ಕಂಪ್ಯೂಟರ್‌ನ ಸಮಯಕ್ಕೂ 4 ಗಂಟೆಗಿಂತ ಜಾಸ್ತಿ ಅಂತರ ಇದ್ದರೆ ಎಫ್06ಸಿ ಎಂಬ ಕೋಡ್ ಬರುತ್ತದೆ. ಇದಕ್ಕೆ ಮದ್ದು ಕೀ ಅಲ್ಲ, ಹೊಸ ಸೆಲ್. ಹತ್ತಿರದ ಅಂಗಡಿಯಲ್ಲೇ ಸಿಗುತ್ತದೆ.

ಗಡಿಯಾರ ಸರಿ ತೋರಿಸುತ್ತಿದ್ದರೂ ಇದೇ ಕೋಡ್ ಬರಬಹುದು. ಟೈಮ್ ಝೋನ್ ನೋಡಿ. ಹೊಸದಾಗಿ ಹಾಕಿದ ವಿಂಡೋಸ್ ಎಷ್ಟೋ ಸಲ ಅಮೆರಿಕದ ಪೆಸಿಫಿಕ್ ಸಮಯದಲ್ಲಿ ನಿಂತಿರುತ್ತದೆ. ಅದು ತಪ್ಪು ಗಂಟೆ ತೋರಿಸುವುದನ್ನು ಕಂಡು ಯಾರೋ ಟೈಮ್ ಝೋನ್ ಬದಲಿಸದೆ ಗಂಟೆಯನ್ನೇ ತಿರುಗಿಸಿ ಸರಿ ಮಾಡುತ್ತಾರೆ. ಕಣ್ಣಿಗೆ ಬೆಳಿಗ್ಗೆ ಹತ್ತೂವರೆ ಎಂದು ಕಾಣುತ್ತದೆ. ಆದರೆ ಒಳಗಿನ ಲೆಕ್ಕ ಜಾಗತಿಕ ಸಮಯದ್ದು. ಪೆಸಿಫಿಕ್ ಅದಕ್ಕಿಂತ 8 ಗಂಟೆ ಹಿಂದೆ, ಭಾರತ ಐದೂವರೆ ಗಂಟೆ ಮುಂದೆ. ಒಟ್ಟು ಹದಿಮೂರೂವರೆ ಗಂಟೆ ತಪ್ಪು. ಅಲ್ಲಿನ ಬೇಸಿಗೆಯಲ್ಲಿ ಹನ್ನೆರಡೂವರೆ. ಎರಡೂ 4 ಗಂಟೆಯ ಮಿತಿಯನ್ನು ಎಲ್ಲೋ ದಾಟಿವೆ. ಮೊದಲು ಟೈಮ್ ಝೋನ್, ಆಮೇಲೆ ಗಂಟೆ. ಈ ಕ್ರಮ ತಪ್ಪಿಸಬೇಡಿ.

ತಪ್ಪು ನಮ್ಮ ಕಡೆ ಇಲ್ಲದೆಯೂ ಇರಬಹುದು. 2018ರ ನವೆಂಬರ್ 8ರಂದು ಸರಿಯಾದ ಲೈಸೆನ್ಸ್ ಇದ್ದ ಎಷ್ಟೋ ವಿಂಡೋಸ್ 10 ಪ್ರೊ ಕಂಪ್ಯೂಟರ್‌ಗಳು ‘ನಿಮ್ಮ ಲೈಸೆನ್ಸ್ ಹೋಮ್‌ನದು’ ಎಂದು ಹೇಳತೊಡಗಿದವು. ಮೈಕ್ರೋಸಾಫ್ಟ್‌ನ ಆಕ್ಟಿವೇಶನ್ ಸರ್ವರ್‌ಗಳಲ್ಲೇ ತೊಂದರೆ ಇತ್ತು. ಅವರು ಅದನ್ನು ಸರಿ ಮಾಡಿದ ಮೇಲೆ ಕಂಪ್ಯೂಟರ್‌ಗಳೂ ಸರಿಯಾದವು. ಎರಡೇ ತಿಂಗಳಲ್ಲಿ, 2019ರ ಜನವರಿ 8ಕ್ಕೆ, ಕೆಎಂಎಸ್ ಬಳಸುವ ವಿಂಡೋಸ್ 7 ಕಂಪ್ಯೂಟರ್‌ಗಳಿಗೆ ‘ಇದು ಅಸಲಿ ವಿಂಡೋಸ್ ಅಲ್ಲ’ ಎಂಬ ಸಂದೇಶ ಬಂತು. ಕೆಬಿ971033 ಎಂಬ ಹಳೆಯ ಅಪ್‌ಡೇಟ್ ಇದ್ದ ಕಂಪ್ಯೂಟರ್‌ಗಳಲ್ಲಿ ಮಾತ್ರ ಹೀಗಾಯಿತು. ಸರ್ವರ್ ಕಡೆ ಮಾಡಿದ ಬದಲಾವಣೆಯನ್ನು ಮೈಕ್ರೋಸಾಫ್ಟ್ ಮಾರನೆಯ ದಿನವೇ ಹಿಂತೆಗೆದುಕೊಂಡಿತು. ಆ ದಿನ ಫಾರ್ಮ್ಯಾಟ್‌ಗೆ ಕೂತವರ ಶ್ರಮ ಯೋಚಿಸಿ. ನಿನ್ನೆ ಸರಿ ಇದ್ದ ಹಲವು ಕಂಪ್ಯೂಟರ್ ಇವತ್ತು ಒಟ್ಟಿಗೆ ಕೇಳತೊಡಗಿದರೆ ಕೈ ಕಟ್ಟಿ ಕೂರಿ, ಸುದ್ದಿ ನೋಡಿ, ಬೇರೆ ಕಚೇರಿಯವರನ್ನು ಕೇಳಿ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ನೀವು ಒಂದು ಕಚೇರಿಗೆ ಹೊಸದಾಗಿ ಸೇರಿದ್ದೀರಿ. ಡಿಎಲ್‌ವಿ ಕೊಟ್ಟು ನೋಡಿದರೆ ಕೆಎಂಎಸ್ ಕ್ಲೈಂಟ್ ಎಂದು ಬರುತ್ತದೆ. ಆದರೆ ಕಚೇರಿಯಲ್ಲಿ ಕೆಎಂಎಸ್ ಸರ್ವರೇ ಇಲ್ಲ. ಸರ್ವರ್ ಹೆಸರಿನ ಜಾಗದಲ್ಲಿ 127ರಿಂದ ಶುರುವಾಗುವ ವಿಳಾಸವೋ (ಅಂದರೆ ಆ ಕಂಪ್ಯೂಟರ್ ತನ್ನನ್ನೇ ಕರೆಯುವ ವಿಳಾಸ), ಯಾವುದೋ ಅಪರಿಚಿತ ಹೆಸರೋ ಇದೆ. ಅಂದರೆ ಯಾರೋ ನಕಲಿ ಕೆಎಂಎಸ್ ಕೂರಿಸಿ ಹೋಗಿದ್ದಾರೆ. ಇಂಥ ಪ್ರೋಗ್ರಾಂ ಹಾಕುವಾಗ ಮೊದಲ ಸೂಚನೆಯೇ ಆಂಟಿವೈರಸ್ ಆರಿಸಿ ಎಂದು. ಅಡ್ಮಿನ್ ಅಧಿಕಾರ ಕೊಟ್ಟು, ಕಾವಲು ತೆಗೆದು, ಯಾರು ಬರೆದದ್ದೋ ಗೊತ್ತಿಲ್ಲದ ಪ್ರೋಗ್ರಾಂ ಓಡಿಸಿದ ಕಂಪ್ಯೂಟರ್ ಅದು. ಅದರಲ್ಲೇ ಸಂಬಳದ ಪಟ್ಟಿ ಇದೆ, ಬ್ಯಾಂಕ್ ಪಾಸ್‌ವರ್ಡ್ ಇದೆ, ವಿದ್ಯಾರ್ಥಿಗಳ ಆಧಾರ್ ಪ್ರತಿಗಳಿವೆ. ನನಗೆ ಸಂಕಟ ಆಗುವುದು ಲೈಸೆನ್ಸ್ ದುಡ್ಡಿಗಿಂತ ಇದಕ್ಕೆ. ಇಂಥ ಕಂಪ್ಯೂಟರ್‌ಗೆ ಮಾತ್ರ ನಾನು ಫಾರ್ಮ್ಯಾಟ್ ಮಾಡಿ ಅಂತ ಹೇಳುತ್ತೇನೆ. ಬ್ಯಾಕಪ್ ತೆಗೆದು, ನುಡಿ ಮತ್ತು ಫಾಂಟ್‌ಗಳನ್ನು ಪಟ್ಟಿ ಮಾಡಿ, ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿ, ಆಮೇಲೆ. ಪಾಸ್‌ವರ್ಡ್‌ಗಳನ್ನೂ ಬದಲಿಸಿ.

ಕೆಲವೇ ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುವ ಕೀಗಳೂ ಅಷ್ಟೇ. ಬಿಲ್ ಇರುತ್ತದೆ, ಆಕ್ಟಿವೇಟ್ ಕೂಡ ಆಗಬಹುದು. ಆದರೆ ಅದು ಇನ್ನಾವುದೋ ಸಂಸ್ಥೆಯ ವಾಲ್ಯೂಮ್ ಕೀ ಆಗಿರುವ ಸಾಧ್ಯತೆ ಇದೆ. ಒಂದು ದಿನ ಅದನ್ನು ತಡೆಹಿಡಿದರೆ ನಿಮಗೆ ಸಿ003 ಕಾಣುತ್ತದೆ. ಆಕ್ಟಿವೇಟ್ ಆಗುವುದು ಬೇರೆ, ಲೈಸೆನ್ಸ್ ಇರುವುದು ಬೇರೆ. ಕಾನೂನನ್ನೂ ತಿಳಿದಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ನಕಲಿ ಎಂದು ಗೊತ್ತಿದ್ದೂ ತಂತ್ರಾಂಶ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಹಾಗಾಗಿ ನಕಲಿ ಕಂಡ ಕೂಡಲೇ ಮೇಲಿನವರಿಗೆ ಲಿಖಿತವಾಗಿ ತಿಳಿಸಿ. ದುಡ್ಡಿಲ್ಲ ಎಂದರೆ ಲಿನಕ್ಸ್ ಇದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಲ್ಯಾಬ್‌ಗಳು ಅದರಲ್ಲೇ ನಡೆಯುತ್ತಿವೆ. ಯೂನಿಕೋಡ್ ಕನ್ನಡ ಅಲ್ಲೂ ಚೆನ್ನಾಗಿ ಬರುತ್ತದೆ.

ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತಲ್ಲ, ಆಕ್ಟಿವೇಶನ್ ಹೋಗುತ್ತದಾ ಎಂದು ಒಬ್ಬರು ಕೇಳಿದರು. ಹೋಗುವುದಿಲ್ಲ. ನಿಂತದ್ದು ಉಚಿತ ಭದ್ರತಾ ಅಪ್‌ಡೇಟ್‌ಗಳು. ಸಂಸ್ಥೆಗಳು ದುಡ್ಡು ಕೊಟ್ಟು ಮುಂದುವರಿಸಿಕೊಳ್ಳಬಹುದು. ಮೊದಲ ವರ್ಷಕ್ಕೆ ಒಂದು ಕಂಪ್ಯೂಟರ್‌ಗೆ 61 ಡಾಲರ್, ಆಮೇಲೆ ಪ್ರತಿ ವರ್ಷ ದುಪ್ಪಟ್ಟು. ಅದಕ್ಕೆ ಕೊಡುವ ಕೀ ವಿಂಡೋಸ್ ಕೀಯ ಜೊತೆಗೆ ಸೇರುತ್ತದೆ, ಅದರ ಬದಲಿಗೆ ಅಲ್ಲ. ಎರಡನ್ನೂ ಬೇರೆ ಬೇರೆ ಪರೀಕ್ಷಿಸಬೇಕು. ಕಂಪ್ಯೂಟರ್ ವಿಂಡೋಸ್ 11ಕ್ಕೆ ಯೋಗ್ಯವಾಗಿದ್ದು, ಅದೇ ಆವೃತ್ತಿಗೆ ಏರಿಸಿದರೆ ಹಳೆಯ ಡಿಜಿಟಲ್ ಲೈಸೆನ್ಸ್ ಸಾಕು.

ಗುಜರಿಗೆ ಹಾಕುವ ಕಂಪ್ಯೂಟರ್‌ನ ಲೈಸೆನ್ಸ್ ಹೊಸದಕ್ಕೆ ಬಳಸಬಹುದಾ ಎಂಬುದು ಇನ್ನೊಂದು ಪ್ರಶ್ನೆ. ಒಇಎಂ ಆದರೆ ಇಲ್ಲ, ಅದು ಆ ಕಂಪ್ಯೂಟರ್ ಜೊತೆಗೇ ಹೋಗುತ್ತದೆ. ರೀಟೇಲ್ ಆದರೆ ಆಗುತ್ತದೆ. ಹಳೆಯದರಲ್ಲಿ ಯುಪಿಕೆ ಕಮಾಂಡ್‌ನಿಂದ ಕೀ ತೆಗೆದು ಹೊಸದಕ್ಕೆ ಹಾಕಿ. ವಾಲ್ಯೂಮ್ ಆದರೆ ನಿಮ್ಮ ಸಂಸ್ಥೆಯ ಒಪ್ಪಂದದಲ್ಲಿ ಏನಿದೆ ಎಂದು ಓದಬೇಕು. ಗುಜರಿಯವನು ಬರುವ ಮುಂಚೆ ಡಿಎಲ್‌ವಿ ಕೊಟ್ಟು ಆ ಚಾನೆಲ್ ಸಾಲನ್ನು ದಾಸ್ತಾನು ಪುಸ್ತಕದಲ್ಲಿ ಬರೆದುಕೊಳ್ಳಿ. ಹಾರ್ಡ್ ಡಿಸ್ಕ್ ಹೋದ ಮೇಲೆ ಅದನ್ನು ಓದಲು ಆಗುವುದಿಲ್ಲ.